ಕೆಳಗಿನ ಗಣಿಯೂ ಕಂಪನಿಯದು, ಮೇಲಿನ ಮನೆಯೂ ಕಂಪನಿಯದು

ಯುಗಾದಿಗೆ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕನ ಮಗ ಪಿಯುಸಿ ಹುಡುಗ, ಜಗುಲಿ ಮೇಲೆ ಕೂತು ಫೋನಿನಲ್ಲಿ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ. ‘ರೆಸಿಡೆಂಟ್ ಈವಿಲ್’ ಅಂತ, 2002ರಲ್ಲಿ ಬಂದದ್ದು. ಅದರಲ್ಲಿ ‘ಅಂಬ್ರೆಲಾ’ ಅನ್ನುವ ಒಂದು ಕಂಪನಿ. ಊರಿನ ಕೆಳಗೆ, ನೆಲದಾಳದಲ್ಲಿ, ಯಾರಿಗೂ ಗೊತ್ತಾಗದ ಹಾಗೆ ದೊಡ್ಡ ಕಟ್ಟಡ ಕಟ್ಟಿಕೊಂಡಿರುತ್ತದೆ. ಅದರ ಹೆಸರು ‘ಹೈವ್’, ಅಂದರೆ ಜೇನುಗೂಡು. ಐನೂರು ಜನ ನೌಕರರು ಅಲ್ಲೇ ದುಡಿಯುತ್ತಾರೆ, ಅಲ್ಲೇ ಮಲಗುತ್ತಾರೆ. ಒಂದು ದಿನ ಒಳಗೆ ರೋಗಾಣು ಸೋರುತ್ತದೆ. ಕಂಪನಿಯ ಕಂಪ್ಯೂಟರ್ ಬಾಗಿಲುಗಳನ್ನು ಮುಚ್ಚಿ ಒಳಗಿದ್ದವರನ್ನು ಒಳಗೇ ಸಾಯಿಸುತ್ತದೆ.

“ಮಾಮ, ಇಂಥದ್ದು ನಿಜವಾಗ್ಲೂ ಎಲ್ಲಾದ್ರೂ ಇತ್ತಾ?” ಅಂದ.

“ಬಂಗಾರಪೇಟೆ ಆಚೆ ಇತ್ತಲ್ಲೋ” ಅಂದೆ.

“ಕೆಜಿಎಫ್ಫಾ? ಯಶ್ ಸಿನಿಮಾದ್ದಾ?”

ಆ ಸಿನಿಮಾದ ‘ನರಾಚಿ’ ಕೂಡ ಕಟ್ಟುಕತೆಯೇ. ಗೋಡೆಯೊಳಗೆ ಜನರನ್ನು ಕೂಡಿಹಾಕಿ ಬಂದೂಕು ಹಿಡಿದು ದುಡಿಸುವ ಗಣಿ ನಮ್ಮ ಕೆಜಿಎಫ್‌ನಲ್ಲಿ ಇರಲಿಲ್ಲ. ಚಿತ್ರೀಕರಣ ಮಾತ್ರ ಅಲ್ಲಿನ ಸೈನೈಡ್ ಗುಡ್ಡಗಳ ಮೇಲೆ ನಡೆಯಿತು. ನಿಜವಾದ ಕೆಜಿಎಫ್‌ನಲ್ಲಿ ಗೋಡೆ ಬೇಕಾಗಿರಲಿಲ್ಲ. ಗಣಿಯೂ ಕಂಪನಿಯದು, ಮನೆಯೂ ಕಂಪನಿಯದು, ಆಸ್ಪತ್ರೆಯೂ ಕಂಪನಿಯದು. ಕೆಲಸ ಹೋದರೆ ಮನೆ ಹೋಗುತ್ತದೆ ಅನ್ನುವುದು ಗೊತ್ತಿದ್ದವನು ಎಲ್ಲಿಗೆ ಓಡುತ್ತಾನೆ? ಜಿಲ್ಲಾ ವರದಿಗಾರನಾಗಿ ಹತ್ತಾರು ಸಲ ಆ ಊರಿಗೆ ಹೋಗಿ ಬಂದವನು ನಾನು. ಆ ಹುಡುಗನಿಗೆ ಜಗುಲಿ ಮೇಲೆ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಟಿಪ್ಪು ಸತ್ತ ಮೂರು ವರ್ಷಕ್ಕೆ, 1802ರಲ್ಲಿ, ಜಾನ್ ವಾರೆನ್ ಅನ್ನುವ ಬ್ರಿಟಿಷ್ ಸೈನ್ಯದ ಲೆಫ್ಟಿನೆಂಟ್ ಮೈಸೂರು ಸೀಮೆಯ ಗಡಿ ಅಳೆಯುತ್ತಾ ಈ ಕಡೆ ಬಂದ. ಇಲ್ಲಿನ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಅನ್ನುವ ಮಾತು ಅವನ ಕಿವಿಗೆ ಬಿತ್ತು. ಚಿನ್ನ ತೋರಿಸಿದವರಿಗೆ ಇನಾಮು ಅಂದ. ಊರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದರು. ತಳದಲ್ಲಿ ಚಿನ್ನದ ಕಣ ಹೊಳೆದವು. ಅಂದರೆ ಈ ಗಣಿಯನ್ನು ಯಾವ ದೊರೆಯೂ ‘ಕಂಡುಹಿಡಿಯಲಿಲ್ಲ’. ನಮ್ಮ ಜನ ಎಣ್ಣೆದೀಪ ಹಿಡಿದು ಹಳೆಯ ಗುಂಡಿಗಳಿಗೆ ಇಳಿದು ಬೆಣಚುಕಲ್ಲು ಒಡೆದು ತರುತ್ತಲೇ ಇದ್ದರು. ವಾರೆನ್ ಅದನ್ನು ಕಾಗದಕ್ಕೆ ಇಳಿಸಿದ, ಅಷ್ಟೆ. ಶಾಲೆಯ ಪುಸ್ತಕದಲ್ಲಿ ಅವನ ಹೆಸರಿದೆ, ಗಾಡಿ ಹೊಡೆದುಕೊಂಡು ಬಂದವರದ್ದು ಇಲ್ಲ.

ಆಮೇಲೆ ಎಪ್ಪತ್ತು ವರ್ಷ ಹೆಚ್ಚೇನೂ ಆಗಲಿಲ್ಲ. 1870ರ ದಶಕದಲ್ಲಿ ಮೈಕೇಲ್ ಲ್ಯಾವೆಲ್ ಅನ್ನುವ ನಿವೃತ್ತ ಸೈನಿಕ ಬಂದ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. ವಾರೆನ್ ಬರೆದದ್ದನ್ನು ಓದಿಕೊಂಡು, ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದು, ಊರಿಗಾಂ ಬಳಿ ಅಗೆಸಿದ. ಕೈಯಲ್ಲಿ ಕಾಸು ಸಾಲಲಿಲ್ಲ. ಹಕ್ಕು ಬೇರೆಯವರಿಗೆ ಮಾರಿದ. ಕೊನೆಗೆ 1880ರಿಂದಾಚೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಒಳಗೆ ಬಂತು. ಅವರಿಗೂ ಮೊದಲು ಸಿಕ್ಕಿದ್ದು ಬರೀ ಕಲ್ಲು. ಇನ್ನೇನು ಮುಚ್ಚಿ ಹೊರಡಬೇಕು ಅನ್ನುವ ಹೊತ್ತಿಗೆ ಮೈಸೂರು ಗಣಿಯಲ್ಲಿ ಚಿನ್ನ ತುಂಬಿದ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತು. ಅದೇ ಚಾಂಪಿಯನ್ ರೀಫ್. ಅಲ್ಲಿಂದ ಮುಂದೆ 1956ರವರೆಗೆ ಈ ನೆಲದ ಕೆಳಗಿನದ್ದಕ್ಕೂ ಮೇಲಿನದ್ದಕ್ಕೂ ಟೇಲರ್ ಕಂಪನಿಯೇ ಯಜಮಾನ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಹೀಗೆ ಹೆಸರಿಗೆ ಬೇರೆ ಬೇರೆ ಕಂಪನಿಗಳು. ನಡೆಸುವ ಕೈ ಒಂದೇ.

ಕೆಳಗೆ ಎಷ್ಟು ಆಳ ಅನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಹೇಳುವುದು ಸುಲಭ. ಈಗ ನಮ್ಮ ಕಡೆ ಬೋರ್‌ವೆಲ್ 1,200, 1,500 ಅಡಿ ಕೊರೆಸಿದರೂ ನೀರು ಸಿಗುವ ಖಾತ್ರಿ ಇಲ್ಲ. ಅಂಥ ಏಳು ಬೋರ್‌ವೆಲ್ ಒಂದರ ಕೆಳಗೊಂದು ಇಟ್ಟರೆ ಚಾಂಪಿಯನ್ ರೀಫ್ ಗಣಿಯ ತಳ. 3.2 ಕಿಲೋಮೀಟರ್, ಹತ್ತು ಸಾವಿರ ಅಡಿಗೂ ಹೆಚ್ಚು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಇದೂ ಒಂದು. ನೇರ ಕೆಳಕ್ಕಿಳಿಯುವ ಬಾವಿಗೆ ‘ಶಾಫ್ಟ್’ ಅನ್ನುತ್ತಾರೆ. ಅದರೊಳಗೆ ಕಬ್ಬಿಣದ ಹಗ್ಗಕ್ಕೆ ನೇತುಬಿದ್ದ ಪಂಜರ, ‘ಕೇಜ್’. ಜನ ಮೈಗೆ ಮೈ ಒತ್ತಿಕೊಂಡು ಅದರಲ್ಲಿ ನಿಂತು ಇಳಿಯಬೇಕು. ಅಲ್ಲಲ್ಲಿ ಮಹಡಿಗಳ ಹಾಗೆ ‘ಲೆವೆಲ್’. ಲೆವೆಲ್‌ನಿಂದ ಅಡ್ಡ ಸುರಂಗ. ಸುರಂಗದ ಕೊನೆಗೆ ಕಲ್ಲು ಒಡೆಯುವ ಜಾಗ. ಕೆಳಗೆ ಇಳಿದ ಮೇಲೂ ಕೆಲಸದ ಜಾಗಕ್ಕೆ ಬಹಳ ದೂರ ನಡೆಯಬೇಕು, ತೆವಳಬೇಕು, ಮತ್ತೆ ಏಣಿ ಇಳಿಯಬೇಕು.

ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ದಾಟುತ್ತಿತ್ತು. ಅಂದರೆ ಬರಿಗೈ ಇಡಲಾಗದಷ್ಟು. 1930ರ ದಶಕದಲ್ಲಿ ಕಂಪನಿ ಮೇಲೆ ದೊಡ್ಡ ಶೀತಲ ಯಂತ್ರ ಕೂರಿಸಿ ತಣ್ಣನೆಯ ಗಾಳಿಯನ್ನು ಕೆಳಕ್ಕೆ ತಳ್ಳತೊಡಗಿತು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಎಷ್ಟು ಮಂದಿ ಶ್ರೀಮಂತರ ಮನೆಯಲ್ಲಿ ಎಸಿ ಇತ್ತು ಅಂತ ನೀವೇ ಯೋಚಿಸಿ. ಕೂಲಿಯವನ ಮೇಲಿನ ಕರುಣೆಗಾಗಿ ಅದು ಬಂದದ್ದಲ್ಲ. ಅಷ್ಟು ಬಿಸಿಯಲ್ಲಿ ಕೈ ಓಡುವುದಿಲ್ಲ, ಕೈ ಓಡದಿದ್ದರೆ ಅದಿರು ಮೇಲೆ ಬರುವುದಿಲ್ಲ.

ಬಿಸಿಗಿಂತ ದೊಡ್ಡ ಭಯ ಬಂಡೆಯ ಸಿಡಿತ. ಮೂರು ಕಿಲೋಮೀಟರ್ ಬಂಡೆಯ ಭಾರ ಮೇಲಿರುತ್ತದೆ. ಕೆಳಗೆ ಕಲ್ಲು ತೆಗೆದು ಟೊಳ್ಳು ಮಾಡಿದರೆ ಸುತ್ತಲಿನ ಬಂಡೆ ಒತ್ತಡ ತಾಳಲಾರದೆ ಒಮ್ಮೆಗೇ ಸಿಡಿಯುತ್ತದೆ. ಮೊದಮೊದಲು ಅದನ್ನು ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರು. ಆಮೇಲೆ ‘ರಾಕ್ ಬರ್ಸ್ಟ್’ ಅನ್ನುವ ಹೆಸರು ನಿಂತಿತು. ತೊಲೆ ಕೊಟ್ಟು ನೋಡಿದರು, ಆಮೇಲೆ ಗ್ರಾನೈಟ್ ಕಲ್ಲಿನ ಗೋಡೆಗಳನ್ನೇ ಒಳಗೆ ಕಟ್ಟಿದರು. ಸಿಡಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಕೆಳಗೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗುತ್ತಿತ್ತು. ಅಲುಗಿದೊಡನೆ ಒಲೆ ಮುಂದಿದ್ದ ಹೆಂಗಸರು ಶಾಫ್ಟ್ ಕಡೆ ಓಡುತ್ತಿದ್ದರು. ಯಾವ ಗಣಿ, ಯಾವ ಪಾಳಿ, ಯಾರ ಮನೆಯವನು? ಈ ಓಟದ ಮಾತು ಕೇಳದೆ ಆ ಊರಿನ ಯಾವ ಹಿರಿಯ ಹೆಂಗಸಿನ ಜೊತೆಗೂ ನನ್ನ ಮಾತು ಮುಗಿದದ್ದಿಲ್ಲ.

ಮೇಲೆ ಏನಿತ್ತು?

ಉಚ್ಛ್ರಾಯದ ಕಾಲದಲ್ಲಿ ಸುಮಾರು 30 ಸಾವಿರ ಜನ ಈ ಗಣಿಗಳಲ್ಲಿ ದುಡಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ತವರದ ಗಣಿಯವರು ಬಂದರು, ಇಟಲಿಯವರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು. ಕೆಳಗಿಳಿದು ಕಲ್ಲು ಒಡೆಯಲು ಬಂದವರು ಮಾತ್ರ ಬಹುಪಾಲು ಆಗಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತರು. ಊರಿನಲ್ಲಿ ಜಮೀನ್ದಾರನ ಹೊಲ, ಬರಗಾಲ, ಸಾಲ, ಮುಟ್ಟಬೇಡ ಅನ್ನುವ ಮಾತು. ಇಲ್ಲಿ ಕತ್ತಲೆ, ಆದರೆ ಕೈಗೆ ಕಾಸು. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಿದ್ದ. ಸುತ್ತಲಿನ ನಮ್ಮ ಕನ್ನಡ, ತೆಲುಗು ರೈತರು ಕೆಳಗೆ ಇಳಿದದ್ದು ಕಡಿಮೆ. ಅವರು ಕಾಲೊನಿಗೆ ತರಕಾರಿ, ಹಾಲು, ಸೌದೆ ಹಾಕಿ ಬದುಕಿದರು. ಅದಕ್ಕೇ ಇವತ್ತಿಗೂ ಕೆಜಿಎಫ್ ಅಂದರೆ ತಮಿಳರ ಊರು ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿದೆ. ಆ ಮಾತಿನಲ್ಲಿ ಭಾಷೆಯ ದೂರವೂ ಇದೆ, ಜಾತಿಯ ದೂರವೂ ಇದೆ. ಕೊನೆಯದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ.

ದೊರೆಗಳಿಗೆ ಗುಡ್ಡದ ಮೇಲೆ ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ಹವೆಯೂ ತಂಪು. ‘ಲಿಟಲ್ ಇಂಗ್ಲೆಂಡ್’ ಅಂತಲೇ ಕರೆದುಕೊಂಡರು. ಕೂಲಿಗಳಿಗೆ ಶಾಫ್ಟ್ ಸುತ್ತ ‘ಲೈನ್’ಗಳು. ಸಾಲು ಸಾಲಾಗಿ ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಒಂದು ಕುಟುಂಬಕ್ಕೆ ಒಂದು ಕೋಣೆ, ಮುಂದೆ ಒಂದಿಷ್ಟು ಜಾಗ. ಆ ಕೋಣೆಯಲ್ಲೇ ಅಡುಗೆ, ಅಲ್ಲೇ ಹೆರಿಗೆ, ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ನಿದ್ದೆ ಮಾಡಬೇಕಾದರೆ ಮಕ್ಕಳು ಹೊರಗೆ. ಸೈರನ್ ಕೂಗಿದರೆ ಎದ್ದು ಹೊರಡಬೇಕು. ಮನೆ ಶಾಫ್ಟಿಗೆ ಅಷ್ಟು ಹತ್ತಿರ ಇದ್ದದ್ದು ಕೂಲಿಯವನ ಅನುಕೂಲಕ್ಕಲ್ಲ ಅನ್ನುವುದು ನನ್ನ ಅಭಿಪ್ರಾಯ.

1902ರ ಜೂನ್ 30ರಂದು ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ತಂತಿ, ಆಗ ಜಗತ್ತಿನಲ್ಲೇ ಬಹಳ ಉದ್ದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ನಮ್ಮ ಜಿಲ್ಲೆಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ನಾನೂ ಹೇಳಿಕೊಳ್ಳುತ್ತೇನೆ. ಆದರೆ ಕಾವೇರಿಯ ಆ ಕರೆಂಟು ಬಂದದ್ದು ಗಣಿಯ ಯಂತ್ರ ತಿರುಗಿಸಲು. ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಪೈಪಿನಲ್ಲಿ ನೀರು ಬಂತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. ರಾಬರ್ಟ್‌ಸನ್‌ಪೇಟೆ ಅಂತ ಅಚ್ಚುಕಟ್ಟಾಗಿ ಚೌಕ ಹಾಕಿದ ಪಟ್ಟಣ ಬಂತು. ಲೈನಿನ ಮನೆಗೆ ಸ್ವಂತ ಪಾಯಿಖಾನೆ ಮಾತ್ರ ಬರಲಿಲ್ಲ. ಸಾಲಿಗೊಂದರಂತೆ ಒಣ ಪಾಯಿಖಾನೆ, ಅದನ್ನು ಕೈಯಿಂದ ಬಳಿದು ಹೊರಲು ಇನ್ನೊಂದಿಷ್ಟು ದಲಿತ ಕುಟುಂಬ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಚಿನ್ನ ಅಂದಮೇಲೆ ಕಳ್ಳತನದ ಅನುಮಾನ. ಪಾಳಿ ಮುಗಿಸಿ ಮೇಲೆ ಬಂದವರಿಗೆ ಮೈ ಜಡ್ತಿ. ಅದಿರಿನ ಮಣ್ಣು ಕೈಯಲ್ಲಿ ಸಿಕ್ಕರೂ ಅಪರಾಧ ಅನ್ನುವ ಕಾಯ್ದೆಯನ್ನು ಮೈಸೂರು ಸರ್ಕಾರ ಗಣಿಗಾಗಿಯೇ ತಂದಿತ್ತು. ಸರ್ಕಾರಕ್ಕೂ ಉತ್ಪತ್ತಿಯ ಮೇಲೆ ರಾಯಲ್ಟಿ ಬರುತ್ತಿತ್ತು, ಸುಮ್ಮನೆ ಕಂಪನಿಯ ಕಡೆ ವಾಲಲಿಲ್ಲ. ಇವತ್ತಿಗೂ ಕೋಲಾರ ಜಿಲ್ಲೆಯಲ್ಲಿ ಇಬ್ಬರು ಎಸ್‌ಪಿಗಳಿದ್ದಾರೆ, ಕೋಲಾರಕ್ಕೊಬ್ಬರು, ಕೆಜಿಎಫ್‌ಗೊಬ್ಬರು. ಒಂದು ಕಂದಾಯ ಜಿಲ್ಲೆಗೆ ಎರಡು ಪೊಲೀಸ್ ಜಿಲ್ಲೆ ಯಾಕೆ ಅಂತ ಹೊಸ ವರದಿಗಾರರು ಕೇಳುತ್ತಾರೆ. ಗಣಿ ಮುಚ್ಚಿದ್ದರೂ ಆ ಕಾವಲಿನ ನೆರಳು ಹೀಗೆ ಉಳಿದಿದೆ.

ಕಾರ್ಮಿಕರು ಸುಮ್ಮನೆ ತಲೆ ಬಗ್ಗಿಸಿಕೊಂಡಿದ್ದರು ಅಂದುಕೊಳ್ಳಬೇಡಿ. 1930ರಲ್ಲಿ ಕಂಪನಿ ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟಿತು. ಒಂದು ಗಣಿಯಲ್ಲಿ ತೆಗೆದುಹಾಕಿದವನು ಇನ್ನೊಂದು ಗಣಿಗೆ ಬೇರೆ ಹೆಸರಿನಲ್ಲಿ ಸೇರಬಾರದು ಅನ್ನುವ ಲೆಕ್ಕ. ಸಾವಿರಾರು ಜನ ಕೆಳಗಿಳಿಯುವುದಿಲ್ಲ ಅಂತ ಕೂತುಬಿಟ್ಟರು. ಆಗಿನ್ನೂ ಗಟ್ಟಿಯಾದ ಸಂಘ ಇರಲಿಲ್ಲ. ಓದಲು ಬಾರದವನಿಗೂ ಒಂದು ತಿಳಿದಿತ್ತು, ಹೆಬ್ಬೆರಳು ಕೊಟ್ಟರೆ ತಾನು ಪೂರ್ತಿ ಕಂಪನಿಯವನು. 1946ರ ಮುಷ್ಕರ ಇನ್ನೂ ದೊಡ್ಡದು. ಅದರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಅವರ ನೆನಪನ್ನು ಊರು ಇಟ್ಟುಕೊಂಡಿದೆ.

ಕಂಪನಿ ಕೊಡದೆ ಇದ್ದ ಇನ್ನೊಂದನ್ನೂ ಅವರೇ ಕಟ್ಟಿಕೊಂಡರು. 20ನೇ ಶತಮಾನದ ಆರಂಭದಲ್ಲೇ, ಅಂಬೇಡ್ಕರ್ ಬೌದ್ಧ ಧರ್ಮ ಸೇರುವುದಕ್ಕೆ ಎಷ್ಟೋ ಮೊದಲು, ಮದ್ರಾಸಿನ ಅಯೋಥಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಹಗಲಿಡೀ ಕೆಳಗೆ ದುಡಿದು ಬಂದವರು ಸಂಜೆ ಕೂತು ಬುದ್ಧನ ಮಾತು, ಜಾತಿಯ ಮಾತು ಆಡುತ್ತಿದ್ದರು, ಪತ್ರಿಕೆ ತರಿಸಿ ಓದಿಸಿ ಕೇಳುತ್ತಿದ್ದರು. ಗಣಿಯ ಬಗ್ಗೆ ಬರೆಯುವವರು ಗಾಲ್ಫ್ ಮೈದಾನಕ್ಕೆ ಎರಡು ಪುಟ ಕೊಡುತ್ತಾರೆ, ಇದಕ್ಕೆ ಎರಡು ಸಾಲು. ನಾನೂ ಎರಡು ಸಾಲಿಗೆ ಸ್ವಲ್ಪ ಹೆಚ್ಚು ಬರೆದೆ ಅಷ್ಟೆ.

ಈಗ ದೂಳಿನ ವಿಷಯ. ಬೆಣಚುಕಲ್ಲನ್ನು ಕೊರೆದಾಗ ಕಣ್ಣಿಗೆ ಕಾಣದಷ್ಟು ನಯವಾದ ದೂಳು ಏಳುತ್ತದೆ. ಉಸಿರಿನೊಡನೆ ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಶ್ವಾಸಕೋಶದಲ್ಲಿ ಗಾಯವಾಗಿ, ಗಾಯ ಗಟ್ಟಿಯಾಗಿ, ವರ್ಷಗಳ ಮೇಲೆ ಉಸಿರು ಚಿಕ್ಕದಾಗುತ್ತಾ ಹೋಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಔಷಧಿ ಇಲ್ಲ. ಮೇಲಿಂದ ಕ್ಷಯ ಸೇರಿಕೊಂಡರೆ ಮುಗಿಯಿತು. ಭಾರತದಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದದ್ದೇ ಕೋಲಾರದ ಚಿನ್ನದ ಗಣಿಯಲ್ಲಿ. 1940ರಿಂದ 46ರ ನಡುವೆ 7,653 ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದರು. ನೂರಕ್ಕೆ 43ಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು.

ಇನ್ನೊಮ್ಮೆ ಓದಿ. ಪಂಜರದಲ್ಲಿ ಹತ್ತು ಜನ ನಿಂತಿದ್ದರೆ ಅವರಲ್ಲಿ ನಾಲ್ವರು ಉಸಿರಿನ ಕಾಯಿಲೆಯವರು. ಸಿನಿಮಾದ ಕಂಪನಿ ಬಾಗಿಲು ಮುಚ್ಚಿ ಒಮ್ಮೆಗೇ ಕೊಲ್ಲುತ್ತದೆ. ಇಲ್ಲಿ ಬಾಗಿಲು ತೆರೆದೇ ಇತ್ತು. ಸಾವು ಮನೆಗೆ ಬಂದು, ಚಾಪೆಯ ಮೇಲೆ, ನಿಧಾನಕ್ಕೆ ಆಗುತ್ತಿತ್ತು. ನೀರು ಹಾಯಿಸಿಕೊಂಡು ಕೊರೆಯುವ ಪದ್ಧತಿ, ಎಕ್ಸ್‌ರೇ, ಪರಿಹಾರ ಎಲ್ಲ ಒಂದೊಂದಾಗಿ ಬಂದವು. ಬರುವ ಹೊತ್ತಿಗೆ ಒಂದೆರಡು ತಲೆಮಾರು ಹೋಗಿತ್ತು.

ಒಂದು ವಿಚಿತ್ರವನ್ನೂ ಹೇಳಬೇಕು. ಅದೇ ಕತ್ತಲೆಗೆ ವಿಜ್ಞಾನಿಗಳೂ ಇಳಿದರು. 1950ರ ದಶಕದಲ್ಲಿ ಬಿ.ವಿ. ಶ್ರೀಕಂಠನ್ ಅನ್ನುವ ನಂಜನಗೂಡಿನ ಯುವಕ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಇಲ್ಲಿಗೆ ಬಂದರು. ಆಕಾಶದಿಂದ ಬೀಳುವ ಕಣಗಳಲ್ಲಿ ಯಾವುದು ಎಷ್ಟು ಆಳಕ್ಕೆ ತೂರುತ್ತದೆ ಅನ್ನುವುದನ್ನು ಅಳೆಯಲು ಇಷ್ಟು ಆಳದ ಬಾವಿ ಬೇರೆಲ್ಲಿ ಸಿಗಬೇಕು? 1965ರಲ್ಲಿ ಚಾಂಪಿಯನ್ ರೀಫ್‌ನಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಭೂಮಿಯನ್ನೇ ತೂರಿ ಹೋಗುವ ಕಣ ಅದು. ಜಗತ್ತಿನಲ್ಲೇ ಮೊದಲ ಸಾಲಿನ ಸಾಧನೆ. ಯಂತ್ರ ಇಳಿಸಿದವರು, ಸುರಂಗ ಕಾಯ್ದವರು ಗಣಿಯ ಕೂಲಿಗಳೇ.

1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಯಜಮಾನರು ಬದಲಾದರು, ಲೈನ್ ಬದಲಾಗಲಿಲ್ಲ ಅಂದರೆ ಪೂರ್ತಿ ನ್ಯಾಯವಲ್ಲ. ಕೂಲಿ ಹೆಚ್ಚಿತು, ಬೋನಸ್ ಬಂತು, ಪಿಎಫ್ ಬಂತು, ಗಣಿ ಕಾರ್ಮಿಕರ ಮಕ್ಕಳು ಓದಿ ಡಾಕ್ಟರು, ಮೇಷ್ಟ್ರು ಆದರು. 1964ರಲ್ಲಿ ಬೆಮೆಲ್ ಕಾರ್ಖಾನೆ ಶುರುವಾಗಿ ಇನ್ನೊಂದು ದಾರಿ ತೆರೆಯಿತು. ಆದರೆ ಒಂದು ಕಡೆ ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತಾ ಹೋಯಿತು, ಇನ್ನೊಂದು ಕಡೆ ತೆಗೆದ ಚಿನ್ನವನ್ನು ದೇಶದ ಪೇಟೆಯ ದರಕ್ಕಿಂತ ಕಡಿಮೆಗೆ ಸರ್ಕಾರಕ್ಕೇ ಕೊಡಬೇಕಿತ್ತು. ನಷ್ಟ ನಷ್ಟ ಅನ್ನುವ ಮಾತು ವರ್ಷಗಟ್ಟಲೆ ಕೇಳಿಬಂತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. 120 ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಕೊನೆಯ ದಿನ ಉಳಿದಿದ್ದ ಕಾರ್ಮಿಕರು ಮೂರು ಸಾವಿರಕ್ಕೂ ಹೆಚ್ಚು.

ನೀರೆತ್ತುವ ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. ಲೆವೆಲ್‌ಗಳು, ಕಲ್ಲಿನ ಗೋಡೆಗಳು, ವಿಜ್ಞಾನಿಗಳ ಕೋಣೆ, ಎಲ್ಲ ಮುಳುಗಿದವು.

ಕೆಳಗಿನದು ಮುಳುಗಿತು. ಮೇಲಿನದು ಮುಳುಗಲೂ ಇಲ್ಲ, ತೇಲಲೂ ಇಲ್ಲ. ಕಂಪನಿ ಇದ್ದಾಗ ನೀರು, ದೀಪ, ಆಸ್ಪತ್ರೆ, ಚರಂಡಿ, ಎಲ್ಲಕ್ಕೂ ಒಂದೇ ಬಾಗಿಲು. ಆ ಬಾಗಿಲು ಮುಚ್ಚಿದ ಮೇಲೆ ಅರ್ಜಿ ಯಾರಿಗೆ ಕೊಡಬೇಕು? ನಗರಸಭೆ ಗಣಿಯ ಜಾಗ ಅನ್ನುತ್ತದೆ, ಗಣಿಯ ಆಫೀಸು ಗಣಿಯೇ ಇಲ್ಲ ಅನ್ನುತ್ತದೆ. ಆಗಲೇ ಹೇಳಿದ ಒಣ ಪಾಯಿಖಾನೆಯ ಮಾತು ಇಲ್ಲಿ ನೆನಪಿಸಿಕೊಳ್ಳಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1993ರದು. 2011ರ ಸುಮಾರಿಗೂ ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಅದು ನಡೆಯುತ್ತಿದೆ ಅಂತ ಸುದ್ದಿಯಾಯಿತು. ಒಬ್ಬರ ಮೇಲೊಬ್ಬರು ಹಾಕಿಕೊಂಡು ಕುಳಿತಿದ್ದ ಎರಡು ಆಫೀಸುಗಳ ನಡುವೆ ಬುಟ್ಟಿ ಹೊತ್ತವರು ಓಡಾಡುತ್ತಲೇ ಇದ್ದರು.

ಹೋದ ವರ್ಷ ಚಾಂಪಿಯನ್ ರೀಫ್ ಕಡೆ ಒಂದು ಲೈನಿಗೆ ಹೋಗಿದ್ದೆ. ಒಬ್ಬ ಹಿರಿಯರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪ ಗಣಿ, ತಾತ ಗಣಿ, ತಾವೂ ಗಣಿ. ಮಾತು ನಡುನಡುವೆ ನಿಲ್ಲುತ್ತಿತ್ತು, ಉಸಿರಿಗಾಗಿ. “ನಿಮ್ಮ ಮನೆ ಚೆನ್ನಾಗಿ ಇಟ್ಕೊಂಡಿದ್ದೀರಿ ಅಯ್ಯಾ” ಅಂದೆ. ಮುಂದೆ ಸಿಮೆಂಟು ಹಾಕಿಸಿ, ಬಣ್ಣ ಹೊಡೆಸಿ, ತುಳಸಿ ಇಟ್ಟಿದ್ದರು.

“ಮನೆ ಅಲ್ಲ ಸಾರ್, ಕ್ವಾರ್ಟರ್ಸ್” ಅಂದರು.

ಅವರು ಹುಟ್ಟಿದ್ದು ಅದೇ ಸಾಲಿನಲ್ಲಿ. ಹಕ್ಕುಪತ್ರದ ತಕರಾರು ಇನ್ನೂ ಎಷ್ಟೋ ಕುಟುಂಬಗಳಿಗೆ ಬಗೆಹರಿದಿಲ್ಲ. ಗಣಿ ಕಂಪನಿಯ ಹೆಸರಿನಲ್ಲಿ ಸುಮಾರು 12 ಸಾವಿರ ಎಕರೆ ಇದೆ, ಅದರ ಮೇಲೆ ಲೈನುಗಳಿವೆ, ಲೈನಿನಲ್ಲಿ ಜನರಿದ್ದಾರೆ. ಹಳ್ಳಿಯಲ್ಲಿ ನಮಗೆ ಒಂದು ಗುಂಟೆಯಾದರೂ ಪಹಣಿ ಅಂತ ಇರುತ್ತದೆ, ಇಲ್ಲದಿದ್ದರೆ ಗ್ರಾಮಠಾಣೆಯ ಜಾಗ, ಪಂಚಾಯ್ತಿ ಕಂದಾಯದ ರಸೀದಿ. ನಾಲ್ಕು ತಲೆಮಾರು ದೇಶಕ್ಕೆ ಚಿನ್ನ ತೆಗೆದವರ ಕೈಯಲ್ಲಿ ಆ ರಸೀದಿ ಇಲ್ಲ.

ಊರ ತುಂಬ ನಿಂತಿರುವ ಸೈನೈಡ್ ಗುಡ್ಡಗಳನ್ನು ನೀವು ಸಿನಿಮಾದಲ್ಲಿ ನೋಡಿರುತ್ತೀರಿ. ಅದಿರನ್ನು ಹಿಟ್ಟಿನ ಹಾಗೆ ಅರೆದು ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. 13 ಗುಡ್ಡ, ಸುಮಾರು 3.3 ಕೋಟಿ ಟನ್. ಗಾಳಿಯ ತಿಂಗಳಲ್ಲಿ ಬಿಳಿ ದೂಳು ಎದ್ದು ಮನೆ, ನೀರು, ಅನ್ನ ಎಲ್ಲದರ ಮೇಲೂ ಕೂರುತ್ತದೆ. ಈ ದೂಳಿನ ಬಗ್ಗೆ ನಾನು ಮೂರು ಸಲ ವರದಿ ಕಳಿಸಿದ್ದೇನೆ. ಪ್ರತಿ ಸಲವೂ ನಾಲ್ಕು ಸಾಲಿನ ‘ಚುಟುಕು ಸುದ್ದಿ’ಯಾಗಿ ಬಂತು. ಸಿನಿಮಾದವರು ಬಂದಾಗ ಮಾತ್ರ ಅರ್ಧ ಪುಟ ಸಿಕ್ಕಿತು.

ಆ ಮಣ್ಣಿನಲ್ಲಿ ಇನ್ನೂ ಚಿನ್ನದ ಅಂಶ ಇದೆ. 2006ರಲ್ಲಿ ಕೇಂದ್ರ ಸಂಪುಟ ಗಣಿಗೆ ಜಾಗತಿಕ ಟೆಂಡರ್ ಕರೆಯಲು ತೀರ್ಮಾನಿಸಿತು. ಕಾರ್ಮಿಕ ಸಂಘಗಳು ನಾವೇ ನಡೆಸುತ್ತೇವೆ ಕೊಡಿ ಅಂತ ಕೋರ್ಟಿಗೆ ಹೋದವು. 2013ರಲ್ಲಿ ಸುಪ್ರೀಂ ಕೋರ್ಟ್ ಟೆಂಡರ್ ದಾರಿಯನ್ನೇ ಒಪ್ಪಿತು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ 13 ಗುಡ್ಡಗಳ ಸಾವಿರ ಎಕರೆಯಷ್ಟು ಜಾಗದಲ್ಲಿ ಮಣ್ಣು ಮತ್ತೆ ತೊಳೆದು ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸುದ್ದಿ ಬಂದ ದಿನ ಊರಿನಲ್ಲಿ ಎರಡು ಮಾತು ಕೇಳಿದೆ. ಮಕ್ಕಳಿಗೆ ಇಲ್ಲೇ ಕೆಲಸ ಸಿಗಬಹುದು ಅಂತ ಕೆಲವರು. ಗುಡ್ಡ ತೆಗೆಯುವ ಯಂತ್ರ ಬಂದರೆ ದೂಳು ಎಲ್ಲಿಗೆ, ಜಾಗ ಬೇಕು ಅಂದರೆ ನಾವೆಲ್ಲಿಗೆ ಅಂತ ಉಳಿದವರು.

ಸದ್ಯಕ್ಕೆ ಕೆಲಸ ಇರುವುದು ಬೆಂಗಳೂರಿನಲ್ಲಿ. ನಸುಕಿಗೆ ಮಾರಿಕುಪ್ಪಂ ಸ್ಟೇಷನ್ನಿಗೆ ಒಮ್ಮೆ ಹೋಗಿ ನೋಡಿ. ಅಂಗಡಿ ಕೆಲಸ, ಸೆಕ್ಯುರಿಟಿ ಕೆಲಸ, ಆಸ್ಪತ್ರೆಯ ಆಯಾ ಕೆಲಸ, ಸಾಫ್ಟ್‌ವೇರ್ ಕೆಲಸ, ಎಲ್ಲರೂ ಟಿಫನ್ ಡಬ್ಬಿ ಹಿಡಿದು ನಿಂತಿರುತ್ತಾರೆ. ಹೋಗಿ ಬರುವುದು ದಿನಕ್ಕೆ 200 ಕಿಲೋಮೀಟರ್ ಆಸುಪಾಸು. ಬೆಂಗಳೂರಿನಲ್ಲೇ ಬಾಡಿಗೆ ಮನೆ ಮಾಡಬಾರದಾ ಅಂತ ಒಬ್ಬ ಹುಡುಗಿಯನ್ನು ಕೇಳಿದೆ. ಬಾಡಿಗೆ ಕೊಡುವಷ್ಟು ಸಂಬಳ ಇಲ್ಲ ಅಂದಳು. ಆಮೇಲೆ ಇನ್ನೊಂದು ಕಾರಣ ಹೇಳಿದಳು. ಕ್ವಾರ್ಟರ್ಸ್ ಖಾಲಿ ಬಿಟ್ಟರೆ ಇವತ್ತಲ್ಲ ನಾಳೆ ಯಾರಾದರೂ ಬಂದು ಬೀಗ ಹಾಕುತ್ತಾರೆ, ಅದಕ್ಕೇ ಮನೆಯಲ್ಲಿ ದಿನಾ ರಾತ್ರಿ ಯಾರಾದರೂ ಮಲಗಿರಲೇಬೇಕು ಅಂತ ಅಪ್ಪ ಹೇಳಿದ್ದಾರಂತೆ. ರೈಲು ಬಂತು, ಹತ್ತಿದಳು.